ಮಾವನ ಹಾರ್ಮೋನಿಯಂ ಮೇಲೆ ರೊಟ್ಟಿ

ಮದುವೆಯಾಗಿ ಕಡ್ಡಿರಾಂಪುರದ ಈ ಮನೆಗೆ ಬಂದಾಗ ಅತ್ತೆ ನನಗೆ ಮೊದಲು ಹೇಳಿಕೊಟ್ಟದ್ದು ಒಲೆ ಹಚ್ಚುವುದನ್ನಲ್ಲ, ಮಾವನ ಲೆಗ್ ಹಾರ್ಮೋನಿಯಂ ಮುಟ್ಟಬಾರದು ಎಂಬುದನ್ನು. ಕುರ್ಚಿಯ ಮೇಲೆ ಕೂತು, ಕಾಲಿನಿಂದ ಗಾಳಿ ತುಳಿಯುತ್ತ, ಎರಡೂ ಕೈಯಲ್ಲಿ ನುಡಿಸುವ ದೊಡ್ಡ ಪೆಟ್ಟಿಗೆ ಅದು. ಮಾವ ಕಂಪ್ಲಿ, ಮೆಟ್ರಿ, ಸಂಡೂರು ಕಡೆಯ ಹಳ್ಳಿಗಳಲ್ಲಿ ನಾಟಕ ಕಲಿಸುವ ಮಾಸ್ತರರಾಗಿದ್ದರು. ಅದರ ಮುಂದೆಯೇ ಆಯುಷ್ಯ ಕಳೆದವರು. ಧೂಳು ಒರೆಸುವುದೂ ಅವರೇ, ಮಹಾನವಮಿಗೆ ವಿಭೂತಿ ಹಚ್ಚುವುದೂ ಅವರೇ. ಇಲಿಗಳು ಒಳಗಿನ ಗಾಳಿ ತುಂಬುವ ತಿದಿ ಕಡಿದು, ತುಳಿದರೆ ಉಸ್ಸೆನ್ನುವುದು ಬಿಟ್ಟು ಬೇರೆ ಸ್ವರ ಬರದಂತಾದ ಮೇಲೂ ಈ ದರ್ಬಾರು ನಿಲ್ಲಲಿಲ್ಲ. ಇಲಿಗಳಿಗಿದ್ದ ಸಲಿಗೆ ನನಗಿಲ್ಲವಲ್ಲ ಎಂದು ನಾನು ಗೊಣಗಿದ್ದುಂಟು.

ನಾನು ರೊಟ್ಟಿ ಬಡಿಯುವವಳು. ರಸ್ತೆ ಬದಿಯ ಎರಡು ಖಾನಾವಳಿಗಳಿಗೆ ನಮ್ಮ ಮನೆಯಿಂದಲೇ ಜೋಳದ ರೊಟ್ಟಿ ಹೋಗುತ್ತವೆ. ಎರಡು ವರ್ಷದ ಹಿಂದೆ ಮೊಣಕಾಲು ಹಿಡಿದುಕೊಂಡಿತು. ಹೊಸಪೇಟೆಯ ಡಾಕ್ಟರು ಇನ್ನು ನೆಲಕ್ಕೆ ಕೂರಲೇಬೇಡಿ ಅಂದರು. ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಬಡಿಯೋಣವೆಂದರೆ ನಾನು ಗಿಡ್ಡಿ, ಭುಜ ಕಳಚಿ ಬರುತ್ತಿತ್ತು. ರೊಟ್ಟಿ ಬಿಟ್ಟರೆ ನನಗೆ ಬೇರೆ ಕೆಲಸ ಬಾರದು. ಸುಮ್ಮನೆ ಕೂತು ಉಣ್ಣುವ ಸಂಕಟ ಏನೆಂದು ಆ ವಾರ ಗೊತ್ತಾಯಿತು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

ಒಂದು ಬೆಳಿಗ್ಗೆ ಮಾವ ಚಹಾ ಕುಡಿಯಲು ಹೊರಗೆ ಹೋಗಿದ್ದರು. ನಾನು ಅವರ ಕುರ್ಚಿ ಎಳೆದು ಕೂತೆ. ಆದದ್ದಾಗಲಿ ಎಂದು ಹಾರ್ಮೋನಿಯಂ ಮುಚ್ಚಳದ ಮೇಲೆ ಹಿಟ್ಟು ಉದುರಿಸಿ ಒಂದು ರೊಟ್ಟಿ ಬಡಿದೇಬಿಟ್ಟೆ. ಭುಜ ನೋಯಲಿಲ್ಲ, ಮೊಣಕಾಲೂ ನೋಯಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಮಾವ. ಗಡಬಡಿಸಿ ಸೆರಗಿನಿಂದ ಹಿಟ್ಟು ಒರೆಸತೊಡಗಿದೆ. ಅವರು ಹಿಟ್ಟನ್ನು ನೋಡಲಿಲ್ಲ, ನನ್ನ ಮೊಣಕೈ ಎಲ್ಲಿಗೆ ಬರುತ್ತದೆ ಎಂದು ನೋಡಿದರು.

"ಎತ್ತರ ಬರೋಬ್ಬರಿ ಐತಿ," ಅಂದರು.

ಮರುದಿನ ಅವರೇ ಬಡಿಗನನ್ನು ಕರೆತಂದರು. ಆತ ಪೆಟ್ಟಿಗೆ ನೋಡಿದವನೇ ಗರಗಸ ಕೆಳಗಿಟ್ಟ. ಸರಸ್ವತಿಯನ್ನು ಕೊಯ್ಯಲು ತನ್ನಿಂದ ಆಗದು ಎಂದ.

"ಈ ಸರಸ್ವತೀನ ನಾ ಜೀವಮಾನವೆಲ್ಲ ಕಾಲಿಲೆ ತುಳದೀನಿ," ಎಂದರು ಮಾವ. "ನಿನಗ ಕೈ ಹಚ್ಚಾಕ ಅಂಜಿಕಿ ಏನಲೇ?"

ಬಡಿಗ ನಗುತ್ತ ಕೆಲಸಕ್ಕೆ ಕೂತ. ಹರಿದ ತಿದಿ ಕಿತ್ತ. ಬೆರಳಿಡುವ ಕರಿ-ಬಿಳಿ ಮನೆಗಳನ್ನು ಕಳಚಿ ಆ ಜಾಗಕ್ಕೆ ಒಂದು ಡ್ರಾಯರ್ ಕೂರಿಸಿದ. ಕಾಲುಗಳನ್ನು ಗಟ್ಟಿ ಮಾಡಿ ಮೇಲೆ ಕಡಪ ಕಲ್ಲು ಹಾಸಿದ. ತುಳಿಯುವ ಹಲಗೆಗಳನ್ನು ಮಾತ್ರ ಹಾಗೇ ಬಿಡಲು ಮಾವ ಹೇಳಿದರು, ನನಗೆ ಪಾದ ಊರಲು ಬೇಕಾಗುತ್ತದಂತೆ. ಆದರೆ ಗರಗಸದ ಸದ್ದು ನಿಲ್ಲುವವರೆಗೂ ಅವರು ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತದ್ದನ್ನು ನಾನು ನೋಡಿದೆ. ನನ್ನ ಹಟಕ್ಕೆ ಹಿರಿಯ ಜೀವವನ್ನು ನೋಯಿಸಿದೆನಲ್ಲ ಎಂಬುದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ರೊಟ್ಟಿ ಮತ್ತೆ ಶುರುವಾಯಿತು. ಪೆಟ್ಟಿಗೆಯ ಒಳಗೆ ಟೊಳ್ಳು, ಬಡಿದರೆ ಸದ್ದು ಬೀದಿಗೆ ಕೇಳುತ್ತದೆ. ಲಯ ಓಡುತ್ತಿದೆ, ನಿಧಾನ ಎಂದು ಮಾವ ಪಡಸಾಲೆಯಿಂದಲೇ ತಿದ್ದುತ್ತಿದ್ದರು. ರೊಟ್ಟಿಗೂ ಮಾಸ್ತರಿಕೆಯೇ ಎಂದು ನಾನು ರೇಗುತ್ತಿದ್ದೆ. ಅವರೆದುರು ಒಪ್ಪಿಕೊಂಡಿಲ್ಲ, ಆದರೆ ಅವರು ಹೇಳಿದ ಹಾಗೆ ಬಡಿದರೆ ರೊಟ್ಟಿಯ ಅಂಚು ಹರಿಯುವುದಿಲ್ಲ. ಮೊಣಕಾಲೂ ಆರಾಮ, ನಾನೂ ಆರಾಮ.

ಮಹಾನವಮಿ ಬಂತು. ನಮ್ಮ ಯಜಮಾನರು ಬೈಕು ತೊಳೆದು ಹಾರ ಹಾಕಿದರು. ನಾನು ಪೆಟ್ಟಿಗೆಯ ಮೇಲಿನ ಕಲ್ಲು ಒರೆಸಿ ದೂರ ನಿಂತೆ. ಮಾವ ವಿಭೂತಿ ತಟ್ಟೆ ಹಿಡಿದು ಬಂದರು. ಎಂದಿನಂತೆ ಹಚ್ಚುತ್ತಾರೋ, ಇದಕ್ಕೆಂಥ ಪೂಜೆ ಎಂದು ಹಿಂದಿರುಗುತ್ತಾರೋ ಎಂದು ನಾನು ನೋಡುತ್ತಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ತಟ್ಟೆಯನ್ನು ನನ್ನ ಕೈಗಿಟ್ಟರು.

"ಇದರ ಮ್ಯಾಲ ದುಡಿಯಾಕಿ ನೀನು. ನೀನ ಹಚ್ಚವ್ವ."

ನಾನು ಮೂರು ಬೆರಳಲ್ಲಿ ವಿಭೂತಿ ಎಳೆದೆ. ಗೆರೆ ಸೊಟ್ಟಗಾಯಿತು. ಮಾವ ತಿದ್ದಲಿಲ್ಲ.