ಡ್ರೋನಿನ ಮೇಲೆ ಅಂಗಡಿಯ ಹೆಸರು

ಮೊದಲು ಹೋದವನಿಗೇ ಲಾಭ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಂಗಾವತಿಯ ಸುತ್ತಲ ಕಾಲುವೆ ಹಳ್ಳಿಗಳಿಗೆ ಔಷಧಿ ಸಿಂಪಡಿಸುವ ಡ್ರೋನನ್ನು ಮೊದಲು ತಂದವನು ನಾನು. ಮೊದಲ ಹಂಗಾಮು ಪೂರ್ತಿ ರೈತರ ಅನುಮಾನ ಬಿಡಿಸುವುದರಲ್ಲೇ ಕಳೆಯಿತು. "ಮ್ಯಾಲಿಂದ ಹೊಡದ್ರ ಬುಡದಾಗಿನ ಹುಳ ಸಾಯ್ತಾವೇನ್ರಿ?" ಎಂದು ಒಬ್ಬರು ಕೇಳಿದರೆ, ಗಾಳಿಗೆ ಔಷಧಿ ಪಕ್ಕದವನ ಮೆಣಸಿನಕಾಯಿಗೆ ಹೋದರೆ ಜಗಳ ಬಿಡಿಸಲು ನೀನೇ ಬರ್ತೀಯೇನು ಎಂದು ಇನ್ನೊಬ್ಬರು. ಕೆಸರಿಗಿಳಿದು, ಭತ್ತದ ತೆಂಡೆ ಬಗ್ಗಿಸಿ, ಬುಡ ಒದ್ದೆಯಾದದ್ದನ್ನು ತೋರಿಸಿ ತೋರಿಸಿ ನನ್ನ ಸೊಂಟ ಬಿತ್ತು.

ಒಬ್ಬನಿಂದ ಆಗುವ ಕೆಲಸವಲ್ಲ, ಜೊತೆಗೊಬ್ಬರು ಬೇಕು ಅನ್ನಿಸಿತು. ಬೇವೂರು ಕಡೆಯ ರೈತರ ಗುಂಪೊಂದು ತೊಗರಿ ಹೊಲಗಳಿಗೆ ಬಾ, ಊರೂರು ಹೊಲ ನಾವು ಕೂಡಿಸಿ ಕೊಡುತ್ತೇವೆ ಎಂದು ಕರೆದಿತ್ತು. ಮಳೆಯನ್ನೇ ನಂಬಿದ ಸೀಮೆಯಲ್ಲಿ ಎಂಥ ಡ್ರೋನು ಎಂದು ನಕ್ಕುಬಿಟ್ಟೆ. ಕಾಲುವೆ ನೀರು ಕುಡಿದ ನಮಗೆ ಆ ಕೊಬ್ಬು ಹುಟ್ಟಿನಿಂದಲೇ ಇರುತ್ತದೆ.

ನಮ್ಮಲ್ಲಿ ಬೆಳೆಗೆ ರೋಗ ಬಂದರೆ ರೈತ ಒಂದು ತೆಂಡೆ ಕಿತ್ತುಕೊಂಡು ನೆಟ್ಟಗೆ ಗೊಬ್ಬರದಂಗಡಿಗೆ ಹೋಗುತ್ತಾನೆ. ಅಂಗಡಿಯವರು ಎಲೆ ತಿರುವಿ ನೋಡಿ ಯಾವ ಔಷಧಿ ಹೇಳಿದರೋ ಅದೇ ಅಂತಿಮ. ಹಾಗಾಗಿ ನಾನು ದೊಡ್ಡ ಅಂಗಡಿಯ ಸಾಹುಕಾರರನ್ನೇ ಹಿಡಿದೆ. ಡ್ರೋನಿನ ಮೇಲೆ, ನನ್ನ ಗಾಡಿಯ ಮೇಲೆ ಯಾರ ಫೋನ್ ನಂಬರು ಬರೆಸುವುದು ಎಂಬ ಮಾತು ಬಂತು.

"ನಿಮ್ದು ಯಾಕ್ರಿ ಸುಮ್ನ? ನೀವು ಹೊಲದಾಗ ಇರ್ತೀರಿ, ಫೋನ್ ಯಾರು ಎತ್ತಬೇಕು? ಅಂಗಡಿ ಹೆಸರ ಇರ್ಲಿ," ಎಂದರು.

ಎಷ್ಟು ಕಾಳಜಿ ಎಂದುಕೊಂಡೆ. ಪೇಂಟರನ್ನು ನಾನೇ ಕರೆತಂದೆ.

ಮುಂದಿನ ಹಂಗಾಮುಗಳಲ್ಲಿ ಫೋನು ಅಂಗಡಿಗೆ ಬರುತ್ತಿತ್ತು, ಹೊಲಕ್ಕೆ ನಾನು ಹೋಗುತ್ತಿದ್ದೆ. ಸಾಹುಕಾರರ ಅಳಿಯ, ಮದುವೆಯಾಗಿ ಮಕ್ಕಳಿದ್ದ ಗಂಡಸು, ಹೊತ್ತು ಹೋಗಲೆಂದು ಜೊತೆಗೆ ಬರುತ್ತಿದ್ದ. ಬ್ಯಾಟರಿ ಬದಲಿಸುವುದು, ಕರೆಂಟಿನ ತಂತಿ ತಪ್ಪಿಸುವುದು, ಎಲ್ಲವನ್ನೂ ಕೇಳುತ್ತಿದ್ದ. ನಾನೂ ಹೇಳುತ್ತಿದ್ದೆ.

ಒಂದು ಮುಂಗಾರಿನಲ್ಲಿ ಅಂಗಡಿಯಿಂದ ಕರೆ ಬರುವುದು ನಿಂತಿತು. ಹೋಗಿ ನೋಡಿದರೆ ಕಟ್ಟೆಯ ಮೇಲೆ ಹೊಸ ಡ್ರೋನು, ಕುಂಕುಮ ಹಚ್ಚಿಸಿಕೊಂಡು, ಮಾಲೆ ಹಾಕಿಸಿಕೊಂಡು ಕೂತಿತ್ತು.

"ಸಿಟ್ಟು ಮಾಡ್ಕೋಬ್ಯಾಡ್ರಿ. ಅಳಿಯ ಖಾಲಿ ಕುಂತಿದ್ದ. ಕಲಿಸಿದವ್ರು ನೀವ ಅಲ್ಲೇನು," ಎಂದು ಸಾಹುಕಾರರು ಚಹಾ ತರಿಸಿದರು. ನಾನು ಕುಡಿದೆ. ಅವರು ಮಾಡಿದ್ದಕ್ಕಿಂತ, ಆ ಚಹಾ ಕುಡಿದದ್ದಕ್ಕೆ ನನಗೆ ಇವತ್ತಿಗೂ ಹೆಚ್ಚು ಸಿಟ್ಟು.

ಹಳೆಯ ಬಣ್ಣ ಕೆರೆಸಿ, ನನ್ನ ಹೆಸರು, ನನ್ನ ನಂಬರು ಬರೆಸಿದೆ. ಕನಕಗಿರಿ ರಸ್ತೆಯ ಒಂದು ಹಳ್ಳಿಗೆ ಹೋಗಿ, ಹಿಂದಿನ ವರ್ಷ ನಾನೇ ಸಿಂಪಡಿಸಿದ್ದ ಗದ್ದೆಯ ಯಜಮಾನರನ್ನು ಕಂಡೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಔಷಧಿಯ ಘಾಟಿಗೆ ಆಗ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದೆ, ಅವರು ನೋಡಿದ್ದು ಅಂಗಡಿಯ ಹೆಸರನ್ನು ಮಾತ್ರ. ಈ ಸಲ ಸಿಂಪಡಿಸಲು ನಾನು ಬರುತ್ತೇನೆ ಎಂದೆ. ಅವರು ನನ್ನ ಡ್ರೋನನ್ನು ಸುತ್ತು ಹಾಕಿ ನೋಡಿದರು.

"ಛಲೋ ಐತಿ. ಸಾಹುಕಾರ್ರನ್ನ ನೋಡಿ ನೀವೂ ಒಂದು ತಂದೀರಿ," ಎಂದರು. ಆಮೇಲೆ, ನನ್ನ ಮನಸ್ಸಿಗೆ ನೋವಾಗಬಾರದೆಂದು ದನಿ ತಗ್ಗಿಸಿ ಹೇಳಿದರು: "ಆದ್ರ ಈ ಭಾಗಕ್ಕ ಇದನ್ನ ಮೊದಲು ತಂದವ್ರು ಅವ್ರು. ಅವ್ರನ್ನ ಬಿಟ್ಟು ನಿಮಗ ಹೆಂಗ ಕೊಡೂದ್ರಿ?"