ಚಿಕ್ಕಗೌರಮ್ಮನ ಹೊಂಗೆಮರ

ಹತ್ತು ವರ್ಷದ ಕೆಳಗೆ, ತವರಿನ ತೆಂಗಿನ ತೋಟದಲ್ಲಿ ತನಗೆ ಪಾಲು ಬೇಡವೆಂದು ಸಹಿ ಹಾಕಿದ ದಿನ ಚಿಕ್ಕಗೌರಮ್ಮ ಕೇಳಿದ್ದು ಒಂದೇ: ಬದುವಿನ ಮೇಲಿದ್ದ ಹೊಂಗೆಮರ. ಚಿಕ್ಕಂದಿನಲ್ಲಿ ಅವಳೇ ನೀರು ಹೊತ್ತು ಬೆಳೆಸಿದ್ದು. ಅಲ್ಲಿದ್ದವರೆಲ್ಲ ನಕ್ಕರು. ಕಾಯಿ ಬಿಡುವ ತೆಂಗು ಬಿಟ್ಟು ಯಾರಾದರೂ ಹೊಂಗೆ ಕೇಳುತ್ತಾರೆಯೇ? ತಮ್ಮ ಹನುಮಂತರಾಜು ಮಾತ್ರ ಕಣ್ಣು ತುಂಬಿಕೊಂಡು, "ಆ ಮರ ಯಾವತ್ತಿದ್ರೂ ನಿಂದೇ ಕಣಕ್ಕ" ಎಂದ. ಕಣ್ಣೀರು ನಿಜವಾದದ್ದೇ. ಅಷ್ಟು ದೊಡ್ಡ ಪಾಲು ಉಳಿದರೆ ಯಾರಿಗೆ ಬರುವುದಿಲ್ಲ?

ಅವಳೇನೂ ಪೆದ್ದಿಯಲ್ಲ. ದಂಡಿನಶಿವರಕ್ಕೆ ಮದುವೆಯಾಗಿ ಹೋದ ಹೆಣ್ಣಿಗೆ, ಅಪ್ಪ ಅವ್ವ ತೀರಿಕೊಂಡ ಮೇಲೆ ಹೊನ್ನವಳ್ಳಿಯ ತವರಿನ ಹೊಸಿಲು ತುಳಿಯಲು ಒಂದು ನೆಪ ಬೇಕಿತ್ತು. ಹೊಂಗೆ ಅದನ್ನು ವರ್ಷವರ್ಷವೂ ಕೊಟ್ಟಿತು. ಶಿವರಾತ್ರಿ ಕಳೆದು ಕಾಯಿ ಒಣಗುತ್ತಲೇ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟು, ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಿ ಬಂದುಬಿಡುವಳು. ಎರಡು ದಿನ ಇದ್ದು ಕಾಯಿ ಬಡಿದು ಬೀಜ ಬಿಡಿಸುವಳು. ಗಾಣದ ಎಣ್ಣೆ ದೇವರ ದೀಪಕ್ಕೆ, ಮೊಮ್ಮಕ್ಕಳ ಕಜ್ಜಿಗೆ, ಎತ್ತಿನ ಹೆಗಲ ಹುಣ್ಣಿಗೆ. ಹಿಂಡಿಯನ್ನು ತಮ್ಮನ ತೆಂಗಿನ ಬುಡಕ್ಕೇ ಕಳಿಸುವಳು. ಉದುರಿದ ಹೂವು, ಸೊಪ್ಪು ಹೇಗೂ ಅವನ ತೋಟಕ್ಕೇ ಗೊಬ್ಬರ. ಅವಳಿಗೆ ಬೇಕಾದದ್ದು ಅವ್ವ ಮಲಗುತ್ತಿದ್ದ ಪಡಸಾಲೆಯಲ್ಲಿ ಎರಡು ರಾತ್ರಿಯ ನಿದ್ದೆ, ಅಷ್ಟೇ.

ಈ ವರ್ಷ ಚೀಲ ಹಿಡಿದು ಬಂದರೆ ಬದುವಿನ ಮೇಲೆ ಮರವಿಲ್ಲ. ಮೊಣಕಾಲೆತ್ತರದ ಬೊಡ್ಡೆ, ಪಕ್ಕದಲ್ಲಿ ಸಾಲಾಗಿ ತೆಂಗಿನ ಸಸಿಗಳು.

"ಏನ್ಲಾ ಇದು?"

"ನೆಳ್ಳು ಕಣಕ್ಕ. ಸಸಿ ಏಳ್ಲೇ ಇಲ್ಲ. ಮರ ನಿಂದೇ, ನಾನೆಲ್ಲಿ ಇಲ್ಲ ಅಂದೆ? ಆದ್ರೆ ನೆಲ ನಂದಲ್ವಾ?" ಎನ್ನುತ್ತ ಹನುಮಂತರಾಜು ಹಿತ್ತಲಿಗೆ ಕರೆದೊಯ್ದ. ಸೀಳಿದ ಸೌದೆಯನ್ನು ಗೋಡೆಗೆ ಒತ್ತಿ ಅಚ್ಚುಕಟ್ಟಾಗಿ ಒಟ್ಟಿದ್ದ. "ಒಂದು ಸೀಳೂ ಮುಟ್ಟಿಲ್ಲ. ಲಗೇಜ್ ಆಟೋ ಕರ್ಸ್ತೀನಿ, ಪೂರ್ತಿ ತಗಂಡೋಗು."

ಕೊಟ್ಟ ಮಾತಿಗೆ ತಪ್ಪದ ಪುಣ್ಯಾತ್ಮ! ಮುಖದಲ್ಲಿ ನಾಚಿಕೆಯಿರಲಿಲ್ಲ, ಹೆಮ್ಮೆಯಿತ್ತು.

ಅವನ ಹೆಂಡತಿ ಸುನಂದಾ ಕಾಫಿ ತಂದುಕೊಟ್ಟಳು. "ಇನ್ಮೇಲೆ ಈ ಬಿಸಿಲಲ್ಲಿ ಅಷ್ಟು ದೂರದಿಂದ ಬರೋ ತಾಪತ್ರಯ ತಪ್ತು ಬುಡಿ ಅತ್ಗೆ."

ಚಿಕ್ಕಗೌರಮ್ಮ ಕಾಫಿ ಕುಡಿದು ಲೋಟ ತೊಳೆದಿಟ್ಟಳು. ಆ ರಾತ್ರಿ ಇರು ಎಂದು ಯಾರೂ ಹೇಳಲಿಲ್ಲ. ಸಂಜೆಯೊಳಗೆ ಸೌದೆ ಆಟೋಗೆ ಏರಿತು. ಅವಳು ಚಾಲಕನ ಪಕ್ಕ ಕೂತು, ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ಹನುಮಂತರಾಜು ಹಿತ್ತಲನ್ನು ಇನ್ನೊಮ್ಮೆ ನೋಡಿಬಂದ. "ನಿಂದಿನ್ನೇನೂ ಉಳಿದಿಲ್ಲ ತಾನೇ ಅಕ್ಕ?"

"ಇಲ್ಲ ಕಣಪ್ಪ. ಈ ಮನೇಲಿ ನಂದಿನ್ನೇನೂ ಉಳಿದಿಲ್ಲ."

ಅವನು ಸಮಾಧಾನದಿಂದ ತಲೆಯಾಡಿಸಿ, ಆಟೋದವನಿಗೆ ಹೊರಡು ಎಂದ.