ಏಳುದೋಣೆ ಬೆಟ್ಟಕ್ಕೆ ಹನುಮಂತಮ್ಮ ಬಿಡಿಸಿದ ದಾರಿ

ಹನುಮಂತಮ್ಮನವರ ವಿಷಯ ಹೇಳಬೇಕಾದರೆ ಮೊದಲು ನನ್ನ ದಡ್ಡತನದ ವಿಷಯ ಹೇಳಬೇಕು. ಅವರ ಪರಿಚಯವಾದದ್ದೇ ಅದರಿಂದ.

ನಾನು ಲಕ್ಷ್ಮೀಕಾಂತ್, ತುಮಕೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಮನೆ ಉಪ್ಪಾರಹಳ್ಳಿಯಲ್ಲಿ. 1993ರ ಡಿಸೆಂಬರಿನ ಒಂದು ಭಾನುವಾರ ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಚೇಳೂರು ಕಡೆಯ ಏಳುದೋಣೆ ಬೆಟ್ಟ ಹತ್ತಿದೆ. ಬಂಡೆಯ ಮೇಲೆ ನೀರು ನಿಲ್ಲುವ ಗುಂಡಿಗೆ ನಮ್ಮ ಕಡೆ ದೋಣೆ ಅನ್ನುತ್ತಾರೆ. ಅಂಥವು ಏಳಿವೆ ಅನ್ನುವುದು ಊರಿನವರ ಲೆಕ್ಕ, ನಾನು ಎಣಿಸಿದಾಗ ಐದೇ ಸಿಕ್ಕವು. ಹತ್ತಿದ್ದೇನೋ ಹತ್ತಿದೆ, ಇಳಿಯುವಾಗ ದಾರಿ ತಪ್ಪಿತು. ಲಂಟಾನದ ಪೊದೆಯಲ್ಲಿ ಎರಡು ಗಂಟೆ ಸುತ್ತಿದೆವು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಊದಿದರೆ ಮೇಷ್ಟ್ರ ಮರ್ಯಾದೆ ಹೋಗುತ್ತದೆಂದು ಊದಿರಲಿಲ್ಲ.

ಮೇಲಿನ ಬಂಡೆಯಿಂದ ಒಂದು ದನಿ ಬಂತು. "ಯಾರ್ಲಾ ಅದು, ನಮ್ಮ ಮೇಕೆ ಬೆದರಿಸ್ತಾ ಇರೋದು?"

ಮುಖ ಎತ್ತಿ ನೋಡಿದರೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದ ಮೂವತ್ತೈದರ ಆಸುಪಾಸಿನ ಹೆಂಗಸು. ಇವರೇ ಹನುಮಂತಮ್ಮ, ಬೆಟ್ಟದ ಬುಡದ ಮಾರನಕಟ್ಟೆಯವರು. ನನ್ನ ಬೂಟು, ಟೋಪಿ, ಸೀಟಿ ಎಲ್ಲವನ್ನೂ ಒಂದು ಸಲ ನೋಡಿ, "ಇಷ್ಟೆಲ್ಲಾ ಹಾಕ್ಕೊಂಡು ದಾರಿ ತಪ್ಪಿದ್ರಾ?" ಎಂದರು. ಹುಡುಗರು ನಕ್ಕರು. ನನಗೆ ಕೋಪ ಬಂತು, ಆದರೆ ಹೊಟ್ಟೆ ಹಸಿದಿದ್ದರಿಂದ ಕೋಪವನ್ನು ನುಂಗಿಕೊಂಡೆ. ಇಪ್ಪತ್ತೈದೇ ನಿಮಿಷದಲ್ಲಿ ನಮ್ಮನ್ನು ಬಸ್ಸಿನ ರಸ್ತೆಗೆ ತಂದು ಬಿಟ್ಟರು. ದಾರಿಯುದ್ದಕ್ಕೂ ಯಾವ ಬಂಡೆ ಮಳೆಗೆ ಜಾರುತ್ತದೆ, ಎಲ್ಲಿ ಜೇನು ಕಟ್ಟುತ್ತದೆ, ಕರಡಿ ಯಾವ ತಿಂಗಳು ಯಾವ ಹಣ್ಣಿಗೆ ಬರುತ್ತದೆ ಎಂದು ಹೇಳುತ್ತಲೇ ಇದ್ದರು. ಆವತ್ತಿನಿಂದ ನಾನು ಆ ಬೆಟ್ಟಕ್ಕೆ ಅವರಿಲ್ಲದೆ ಕಾಲಿಟ್ಟಿಲ್ಲ.

ಮುಂದಿನ ವರ್ಷಗಳಲ್ಲಿ ಬೇರೆ ಕಾಲೇಜಿನವರೂ ಬರತೊಡಗಿದರು, ಆಮೇಲೆ ಬೆಂಗಳೂರಿನವರು. ಈ ಬೆಂಗಳೂರಿನವರ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದಿಲ್ಲ. ಬೆಟ್ಟ ಹತ್ತಲು ಬರುತ್ತಾರೋ ಬಾಟಲಿ ಎಸೆಯಲು ಬರುತ್ತಾರೋ ಗೊತ್ತಾಗುವುದಿಲ್ಲ. ಹನುಮಂತಮ್ಮ ಅವರನ್ನು ಸರಿಯಾಗಿಯೇ ಬಗ್ಗಿಸಿದ್ದರು. ಹತ್ತುವಾಗ ಬಾಟಲಿ ಎಣಿಸುವುದು, ಇಳಿದಾಗ ಮತ್ತೆ ಎಣಿಸುವುದು. ಒಂದು ಕಮ್ಮಿಯಾದರೂ ಅದನ್ನು ತರಲು ಆಸಾಮಿಯನ್ನು ಮತ್ತೆ ಮೇಲಕ್ಕೆ ಅಟ್ಟುತ್ತಿದ್ದರು.

1999ರಲ್ಲಿ ಕುಣಿಗಲ್ ಆಚೆಯ ಒಂದು ದುರ್ಗದ ಬುಡದಲ್ಲಿ ಚಾರಣದ ಗೈಡುಗಳಿಗೆ ಹತ್ತು ದಿನದ ತರಬೇತಿ ಶಿಬಿರ ನಡೆಯಿತು. ನಾನೂ ಒಬ್ಬ ತರಬೇತುದಾರ. ಮಾರನಕಟ್ಟೆಯಿಂದ ಆರು ಜನರನ್ನು ಕರೆದುಕೊಂಡು ಹೋದೆ, ಅವರಲ್ಲಿ ಹೆಂಗಸು ಇವರೊಬ್ಬರೇ. ಇವರ ಯಜಮಾನರು ರಾಮಾಂಜಿನಯ್ಯ ಬಸ್ ಸ್ಟಾಪಿನವರೆಗೆ ಬ್ಯಾಗು ಹೊತ್ತು ತಂದರು. ಮಾತು ಕಡಿಮೆ, ತೆಂಗಿನ ತೋಟವೇ ಪ್ರಪಂಚ ಅನ್ನುವ ಮನುಷ್ಯ. ಬಸ್ಸು ಬಂದಾಗ, "ಉಷಾರು ಕಣಮ್ಮಿ" ಎಂದದ್ದು ಬಿಟ್ಟರೆ ಇನ್ನೇನೂ ಹೇಳಲಿಲ್ಲ.

ಶಿಬಿರದಲ್ಲಿ ಹಗ್ಗದ ಗಂಟು ಕಲಿಸುವ ದಿನ, ಎಷ್ಟು ಎಳೆದರೂ ಬಿಗಿಯದ ಒಂದು ಗಂಟನ್ನು ಬಹಳ ಗತ್ತಿನಿಂದ ತೋರಿಸಿದೆ. "ಇದು ಕರು ಕಟ್ಟೋ ಗಂಟು ಕಣ್ ಮೇಷ್ಟ್ರೇ, ಇದಕ್ಕೆ ಒಂದು ಗಂಟೆ ಭಾಷಣ ಮಾಡಿದ್ರಾ?" ಎಂದು ಕಣ್ಣು ಮುಚ್ಚಿಕೊಂಡು ಹಾಕಿ ತೋರಿಸಿದರು. ಆದರೆ ನಕಾಶೆ ಓದುವ ಪಾಠದಲ್ಲಿ ಅವರ ಜಂಬ ಇಳಿಯಿತು. ಏಳನೇ ಕ್ಲಾಸು ಓದಿದ್ದರು, ಅಕ್ಷರಕ್ಕೆ ಕೊರತೆ ಇರಲಿಲ್ಲ. ಬೆಟ್ಟವನ್ನು ಕಾಗದದ ಮೇಲೆ ಗೆರೆಯಾಗಿ ನೋಡುವುದು ಮಾತ್ರ ತಲೆಗೆ ಹತ್ತಲಿಲ್ಲ. ಪರೀಕ್ಷೆಯಲ್ಲಿ ಅದೊಂದರಲ್ಲೇ ನಪಾಸಾದರು. ಬೇರೆಯವರಾಗಿದ್ದರೆ ಹೋಗಲಿ ಅನ್ನುತ್ತಿದ್ದರು. ಇವರು ಆ ನಕಾಶೆಯನ್ನು ನನ್ನಿಂದ ಕಿತ್ತುಕೊಂಡು ಊರಿಗೆ ಒಯ್ದರು. ಮೂರು ತಿಂಗಳಾದ ಮೇಲೆ ತುಮಕೂರಿಗೆ ಬಂದು, ನಮ್ಮ ಮನೆಯ ಜಗಲಿಯಲ್ಲಿ ಕೂತು, ಪರೀಕ್ಷೆ ಮಾಡಿ ಅಂದರು. ಜೋಡಿ ಗೆರೆ ಅಂದರೆ ಗಾಡಿ ದಾರಿ, ಚುಕ್ಕಿ ಗೆರೆ ಅಂದರೆ ಕಾಲುದಾರಿ, ಎಲ್ಲವನ್ನೂ ಪಟಪಟ ಹೇಳಿದರು. ಆವತ್ತು ನನಗೆ ನಿಜಕ್ಕೂ ಹೆಮ್ಮೆಯಾಯಿತು. ಸರ್ಟಿಫಿಕೇಟು ತರಿಸಿಕೊಟ್ಟೆ.

ಇನ್ನು ಮುಖ್ಯವಾದ ಸಂಗತಿಗೆ ಬರುತ್ತೇನೆ. 2003ರ ಕೊನೆಗೆ ಸರ್ಕಾರದವರು ಜಿಲ್ಲೆಯ ಕೆಲವು ಬೆಟ್ಟಗಳನ್ನು ಚಾರಣಕ್ಕೆ ಆರಿಸುತ್ತಾರೆ ಎಂದಾಯಿತು. ಆರಿಸಿದ ಕಡೆ ದಾರಿಗೆ ಬೋರ್ಡು, ತಂಗಲು ಒಂದು ಮಂಟಪ, ಊರಿನವರಿಗೆ ವರ್ಷವರ್ಷವೂ ತರಬೇತಿ. ಏಳುದೋಣೆಯ ಹೆಸರೂ ಪಟ್ಟಿಯಲ್ಲಿತ್ತು. ಷರತ್ತು ಒಂದೇ, ರಸ್ತೆಯಿಂದ ಬೆಟ್ಟದ ಬುಡದವರೆಗಿನ ಕಾಲುದಾರಿ ದಾಖಲೆಯಲ್ಲಿ ಸಾರ್ವಜನಿಕರದ್ದಾಗಿರಬೇಕು, ತಕರಾರು ಇರಕೂಡದು. ಮಾರ್ಚ್ ಒಳಗೆ ಕಾಗದ ಹೋಗಬೇಕು. ಹೋಗದಿದ್ದರೆ ಬೆಟ್ಟ ಪಟ್ಟಿಯಿಂದ ಬಿಟ್ಟುಹೋಗುತ್ತದೆ, ಶಿಬಿರಕ್ಕೆ ಬಂದಿದ್ದ ಆ ಆರು ಗೈಡುಗಳ ಕೆಲಸವೂ ಅದರ ಜೊತೆಗೇ ಹೋಗುತ್ತದೆ.

ನಮ್ಮ ದುರದೃಷ್ಟಕ್ಕೆ ಮುಂದಿನ ಜನವರಿಯಲ್ಲೇ ವೆಂಕಟರಂಗಯ್ಯನವರು ನೌಕರಿ ಮುಗಿಸಿ ಊರಿಗೆ ಬಂದರು. ಅವರ ಜಮೀನು ನಲವತ್ತು ವರ್ಷದಿಂದ ಬೀಳು ಬಿದ್ದಿತ್ತು, ಬೆಟ್ಟಕ್ಕೆ ಹೋಗುವವರೆಲ್ಲ ಅದನ್ನೇ ತುಳಿದುಕೊಂಡು ಹೋಗುತ್ತಿದ್ದರು. ಅಡಿಕೆ ಇಡುತ್ತೇನೆಂದು ಅವರು ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದರು. ದಾರಿ ಬಂದ್. ಪಕ್ಕದ್ದು ರಾಮಾಂಜಿನಯ್ಯನವರ ತೋಟ, ಅದಕ್ಕೆ ಮೊದಲಿಂದಲೂ ಕತ್ತಾಳೆ ಬೇಲಿ.

ಮರುದಿನವೇ ಭಾನುವಾರ. ನಾನು ಅರವತ್ತು ವಿದ್ಯಾರ್ಥಿಗಳೊಂದಿಗೆ ಬಂದಿದ್ದೆ, ಊರಿನವರೂ ಸೇರಿದ್ದರು. ಹನುಮಂತಮ್ಮ ತಂತಿ ಹಿಡಿದು ಅಲ್ಲಾಡಿಸಿ ಕೂಗಿದರು. "ವೆಂಕಟರಂಗಣ್ಣ, ಹೊರಗೆ ಬಾ! ಹುಟ್ಟಿದಾಗ್ಲಿಂದ ಊರೆಲ್ಲಾ ಓಡಾಡ್ತಿರೋ ದಾರಿ ಇದು. ಪಟ್ಟಣದಲ್ಲಿ ಕೂತು ತಿಂದಿದ್ದು ಸಾಲ್ದೆ ಇಲ್ಲಿ ಬಂದು ದಾರಿ ನುಂಗ್ತೀಯಾ? ದಾರಿ ಕಳ್ಳ!"

ತಂತಿಯಾಚೆಯ ಮನೆಯಿಂದ ಹೊರಗೆ ಬಂದ ವೆಂಕಟರಂಗಯ್ಯನವರ ಮುಖ ಕಪ್ಪಿಟ್ಟಿತು. "ಇದು ನಮ್ಮ ತಾತನ ಜಮೀನು ಕಣಮ್ಮ. ದಾರಿ ಐತೆ ಅಂದ್ರೆ ತೋರ್ಸು, ನಾನೇ ತಂತಿ ಕೀಳ್ತೀನಿ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರ ಕಡೆ ಒಬ್ಬರೂ ಮಾತಾಡಲಿಲ್ಲ. ನಾನೂ ಹನುಮಂತಮ್ಮನವರ ಬೆನ್ನು ತಟ್ಟಿ ಭೇಷ್ ಅಂದೆ. ಆ ಭೇಷ್ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಇಬ್ಬರೂ ಗುಬ್ಬಿಗೆ ಹೋಗಿ ಗ್ರಾಮ ನಕಾಶೆಯ ಪ್ರತಿ ತೆಗೆಸಿದೆವು. ತಾಲ್ಲೂಕು ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಅದನ್ನು ಬಿಡಿಸಿ, ಬೆರಳಿಟ್ಟು ಹುಡುಕಿ, ಹನುಮಂತಮ್ಮ ಕಿರುಚಿದರು. "ಐತೆ ಮೇಷ್ಟ್ರೇ! ಚುಕ್ಕಿ ಗೆರೆ! ನೋಡಿ, ಬೆಟ್ಟದ ಬುಡದ ಗಂಟ!"

ಇತ್ತು, ನಿಜ. ಎರಡು ಜಮೀನುಗಳ ನಡುವಿನ ಗಡಿಗೆ ಅಂಟಿಕೊಂಡೇ ಹೋಗಿತ್ತು. ಯಾವ ಕಡೆಗೆ ಅಂಟಿಕೊಂಡಿದೆ ಎಂದು ನಾವಿಬ್ಬರೂ ನೋಡಲಿಲ್ಲ. ಹಳೆಯ ಪ್ರತಿ, ಗೆರೆ ಮಸುಕಾಗಿತ್ತು ಅನ್ನುವುದೊಂದು ನೆಪ. ನಿಜ ಏನೆಂದರೆ, ದಾರಿ ಎಲ್ಲಿದೆ ಎಂದು ನಮಗೆ ಮೊದಲೇ ಗೊತ್ತಿತ್ತಲ್ಲ! ಅಲ್ಲೇ ಹದ್ದುಬಸ್ತಿಗೆ, ಅಂದರೆ ಅಳತೆ ಮಾಡಿ ಗಡಿ ಗುರುತಿಸಿ ಎಂದು ಹನುಮಂತಮ್ಮ ತಮ್ಮ ಹೆಸರಿನಲ್ಲಿ ಅರ್ಜಿ ಬರೆದರು. ಹೋಟೆಲಿನಲ್ಲಿ ದೋಸೆ ತಿನ್ನುತ್ತಾ, ತಂತಿ ಕಿತ್ತ ದಿನ ಊರಿಗೆಲ್ಲ ಪಾಯಸ ಹಾಕಿಸುವ ಮಾತಾಡಿದೆವು.

ಫೆಬ್ರವರಿಯ ಕೊನೆಯ ವಾರ ಸರ್ವೇಯರ್ ಚನ್ನವೀರಯ್ಯ ಸರಪಳಿ ಹೊತ್ತು ಬಂದರು. ನೋಟಿಸು ಹೋಗಿದ್ದರಿಂದ ಎರಡೂ ಕಡೆಯವರು ಹಾಜರಿದ್ದರು. ಊರಂತೂ ಇದ್ದೇ ಇತ್ತು. ಹುಣಸೆ ಮರದ ಬುಡದಲ್ಲಿ ಮಣ್ಣು ಕೆದಕಿದಾಗ ಹಳೆಯ ಗಡಿಕಲ್ಲು ಸಿಕ್ಕಿತು. ಅಲ್ಲಿಂದ ಸರಪಳಿ ಎಳೆಯುತ್ತಾ, ಸುಣ್ಣದ ಪುಡಿ ಚೆಲ್ಲುತ್ತಾ ನಡೆದರು. ಸುಣ್ಣದ ಗೆರೆ ವೆಂಕಟರಂಗಯ್ಯನವರ ಕಲ್ಲುಕಂಬದವರೆಗೆ ಬಂತು, ಕಂಬವನ್ನು ಮುಟ್ಟಲಿಲ್ಲ. ಎಡಕ್ಕೆ ಸರಿದು ಕತ್ತಾಳೆ ಬೇಲಿಯ ಒಳಗೆ ಹೋಯಿತು.

ಚನ್ನವೀರಯ್ಯ ಎರಡು ಸಲ ಅಳೆದರು. ಹನುಮಂತಮ್ಮ ಕೇಳಿದ್ದಕ್ಕೆ ಮೂರನೇ ಸಲವೂ ಅಳೆದರು. ಆಮೇಲೆ ಹಣೆ ಒರೆಸಿಕೊಂಡು ಹೇಳಿದರು. "ವೆಂಕಟರಂಗಯ್ಯನವ್ರ ಬೇಲಿ ಅವ್ರ ಜಾಗದಲ್ಲೇ ಇದೆ. ದಾರಿ ಇರೋದು ನಿಮ್ಮ ತೋಟದೊಳಗಮ್ಮ. ಬದುವಿನ ಈ ಸಾಲು ತೆಂಗು, ಹನ್ನೊಂದು ಮರ, ಪೂರ್ತಿ ದಾರಿ ಮೇಲೆ ನಿಂತಿದೆ."

ತೋಟದಲ್ಲೆಲ್ಲ ಚೆನ್ನಾಗಿ ಕಾಯಿ ಹಿಡಿಯುವ ಸಾಲು ಅದು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ವೆಂಕಟರಂಗಯ್ಯ ನಗಲಿಲ್ಲ. ಅದಕ್ಕಾಗಿ ಅವರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ.

ಚನ್ನವೀರಯ್ಯ ಒಳ್ಳೆಯ ಮನುಷ್ಯ. ಹನುಮಂತಮ್ಮನವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, ನಾನು ಹತ್ತಿರವೇ ಇದ್ದೆ. "ಅರ್ಜಿದಾರರು ನೀವೇ. ಬೇಡ ಅಂತ ಬರ್ಕೊಟ್ರೆ ಅರ್ಜಿ ಇಲ್ಲಿಗೇ ಮುಗೀತದೆ. ಮಹಜರಿಗೆ ಸಹಿ ಬಿತ್ತು ಅಂದ್ರೆ ಮಾತ್ರ ಹಿಂದಕ್ಕೆ ಬರೋ ಹಾಗಿಲ್ಲ."

"ವಾಪಸ್ ತಗೊಳ್ಳಿ ಹನುಮಂತಮ್ಮ" ಎಂದೆ. ಹೌದು, ನಾನೇ ಅಂದೆ. ಸಾರ್ವಜನಿಕ ಭೂಮಿ, ಎಲ್ಲರ ಬೆಟ್ಟ ಎಂದು ಹತ್ತು ವರ್ಷ ಶಿಬಿರಗಳಲ್ಲಿ ಗಂಟಲು ಹರಿದುಕೊಂಡವನು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ಹನುಮಂತಮ್ಮ ಬಾವಿಕಟ್ಟೆಯ ಮೇಲೆ ಕೂತಿದ್ದ ಗಂಡನ ಮುಂದೆ ಹೋಗಿ ನಿಂತರು.

"ನಿಮಗೆ ಗೊತ್ತಿತ್ತಾ?"

ರಾಮಾಂಜಿನಯ್ಯ ತಲೆ ಎತ್ತಲಿಲ್ಲ. "ಹೂಂ. ಗೊತ್ತಿತ್ತು."

"ನಾನು ಅಷ್ಟು ಜನದ ಮುಂದೆ ಆ ವಯ್ಯನ್ನ ಕಳ್ಳ ಅನ್ನೋವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮಿ. ಅವ್ರ ಜಮೀನು ಬೀಳು ಬಿದ್ದಿತ್ತಲ್ಲ, ಜನ ಹೆಂಗೂ ಅಲ್ಲೇ ನಡೀತಾರೆ ಅಂತ ನಮ್ಮಪ್ಪ ದಾರಿಗೇ ಸಸಿ ಇಟ್ರು. ಬಾಯಿಬಿಟ್ರೆ ಮರ ಹೋಯ್ತವೆ ಅಂತ ಸುಮ್ನಿದ್ದೆ."

ಹನುಮಂತಮ್ಮ ಅಳುತ್ತಾರೆ ಅಂದುಕೊಂಡೆ, ಇಲ್ಲವೇ ಊರು ಒಂದಾಗುವ ಹಾಗೆ ಬೈಯುತ್ತಾರೆ. ಎರಡೂ ಆಗಲಿಲ್ಲ. ಆ ಹನ್ನೊಂದು ಮರಗಳ ತುದಿಯನ್ನು ಒಂದೊಂದಾಗಿ ನೋಡಿದರು. ಆ ಮರಗಳಿಗೆ ಇಪ್ಪತ್ತು ವರ್ಷ ಗೊಬ್ಬರ ಹೊತ್ತದ್ದು ಅವರೇ. ಆಮೇಲೆ ಗಂಡನಿಗೆ ಹೇಳಿದರು. "ನಾನು ಸಹಿ ಹಾಕ್ತೀನಿ. ಹಾಕದೆ ಮನೇಗೆ ಬಂದ್ರೆ ಆ ಬೆಟ್ಟದ ಕಡೆ ಮುಖ ಎತ್ತಿ ನೋಡಕ್ಕಾಗಲ್ಲ. ನಿಮ್ಮಪ್ಪನ ಮರ, ನೀವು ಬೇಡ ಅಂದ್ರೆ ಈಗಲೇ ಅಂದುಬುಡಿ."

ರಾಮಾಂಜಿನಯ್ಯ ಎದ್ದು ಪಂಚೆ ಕೊಡವಿಕೊಂಡು ಚನ್ನವೀರಯ್ಯನವರ ಹತ್ತಿರ ಹೋದರು.

"ನಮ್ಮಪ್ಪ ಗೊತ್ತಿದ್ದೇ ನೆಟ್ರು ಸ್ವಾಮಿ. ನಾವೂ ಗೊತ್ತಿದ್ದೇ ಬುಡ್ತೀವಿ. ನಂದೂ ಒಂದು ಸಹಿ ತಗೊಳ್ಳಿ."

ಇಬ್ಬರೂ ಸಹಿ ಹಾಕಿದರು. ಕಾಗದ ಮಾರ್ಚ್ ಹದಿನೆಂಟಕ್ಕೆ ಹೋಯಿತು. ಎಂಟು ಮರಗಳ ಪಕ್ಕದಲ್ಲಿ ನಡೆದಾಡಲು ಜಾಗವಿತ್ತು, ಅವು ಸರ್ಕಾರದ ಲೆಕ್ಕಕ್ಕೆ ಸೇರಿ ಅಲ್ಲೇ ಉಳಿದವು. ಬಾವಿ ಪಕ್ಕದ ಇಕ್ಕಟ್ಟಿನಲ್ಲಿದ್ದ ಮೂರನ್ನು ಅನುಮತಿ ಬಂದ ಮೇಲೆ ಕಡಿಯಬೇಕಾಯಿತು. ಆಳುಗಳು ಬಂದಿದ್ದರೂ ಮೊದಲ ಕೊಡಲಿ ಏಟು ರಾಮಾಂಜಿನಯ್ಯನವರೇ ಹಾಕಿದರು. ಆ ದಿನ ಅವರ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ.

ಮಂಟಪ, ಬೋರ್ಡು, ತರಬೇತಿ ಎಲ್ಲವೂ ನಿಧಾನವಾಗಿ ಬಂದವು, ಸರ್ಕಾರಿ ಕೆಲಸ ಬರುವ ಹಾಗೆ. ಎರಡು ವರ್ಷದ ಮೇಲೆ ಹನುಮಂತಮ್ಮನವರೇ ತರಬೇತುದಾರರಾಗಿ ಗಂಟು ಕಲಿಸತೊಡಗಿದರು, ಒಂದು ಗಂಟೆಯ ಭಾಷಣವನ್ನೂ ಮಾಡತೊಡಗಿದರು. ಆದರೆ ನನಗೆ ಮರೆಯಲಾಗದ್ದು ದಾರಿ ಬಿಟ್ಟ ಮೊದಲ ಭಾನುವಾರ. ಹಿಂದೆ ಬಂದಿದ್ದ ಆ ಅರವತ್ತು ವಿದ್ಯಾರ್ಥಿಗಳನ್ನೇ ಕರೆತರಬೇಕೆಂದು ಹನುಮಂತಮ್ಮ ನನಗೆ ಹೇಳಿಕಳಿಸಿದ್ದರು. ಪರೀಕ್ಷೆ ಹತ್ತಿರವಿತ್ತು, ಐವತ್ತೆಂಟು ಜನ ಬಂದರು. "ಇನ್ನಿಬ್ಬರೆಲ್ಲಿ?" ಎಂದು ಕೇಳಿದರು. ಒಬ್ಬನಿಗೆ ಜ್ವರ, ಒಬ್ಬಳ ಅಕ್ಕನ ಮದುವೆ ಎಂದೆ. ಊರಿನವರನ್ನೂ ಅವರೇ ಮನೆಮನೆಗೆ ಹೋಗಿ ಕರೆದಿದ್ದರು.

ಸಾಲನ್ನು ವೆಂಕಟರಂಗಯ್ಯನವರ ಮುಳ್ಳುತಂತಿಯ ಮುಂದೆ ನಿಲ್ಲಿಸಿ, "ವೆಂಕಟರಂಗಣ್ಣ, ಸ್ವಲ್ಪ ಹೊರಗೆ ಬನ್ನಿ" ಎಂದು ಕರೆದರು. ಅವರು ಬಂದರು. ಮತ್ತೆ ಏನು ಗ್ರಹಚಾರವೋ ಅನ್ನುವ ಹಾಗಿತ್ತು ಮುಖ.

"ಇದೇ ಜಾಗದಲ್ಲಿ ನಿಂತು ನಿಮ್ಮನ್ನ ದಾರಿ ಕಳ್ಳ ಅಂದಿದ್ದೆ. ದಾರಿ ಕದ್ದಿದ್ದು ನಮ್ಮನೆಯೋರು. ತಪ್ಪಾಯ್ತು ಅಣ್ಣ."

"ಬುಡಮ್ಮ, ಆಗಿದ್ದಾಯ್ತು. ಇಷ್ಟು ಜನದ ಮುಂದೆ ಯಾಕೆ..."

"ಅಂದಿದ್ದು ಇಷ್ಟು ಜನದ ಮುಂದೆ ತಾನೆ? ಇಬ್ರು ಕಮ್ಮಿ ಅವ್ರೆ, ಅವ್ರಿಗೆ ಮೇಷ್ಟ್ರು ಹೇಳ್ತಾರೆ."

ವೆಂಕಟರಂಗಯ್ಯ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೆಟ್ಟದ ಕಡೆ ನೋಡಿ, "ನಾನು ಮೇಲೆ ಹೋಗಿ ನಲವತ್ತು ವರ್ಷ ಆಗೋಯ್ತು. ಈಗ ಹತ್ತಕ್ಕಾಯ್ತದಾ?" ಎಂದರು.

ಹನುಮಂತಮ್ಮ ಅವರ ಕಾಲು ನೋಡಿದರು. "ಈ ಹವಾಯಿ ಚಪ್ಪಲೀಲಿ ಆಗಕ್ಕಿಲ್ಲ. ಹೋಗಿ ಬೂಟು ಹಾಕ್ಕೊಂಡು ಬನ್ನಿ, ಕಾಯ್ತೀವಿ."

ಐವತ್ತೆಂಟು ವಿದ್ಯಾರ್ಥಿಗಳು, ನಾನು, ಊರಿನವರು, ಎಲ್ಲರೂ ಬಿಸಿಲಿನಲ್ಲಿ ನಿಂತು ಕಾದೆವು. ಯಾರೂ ಗೊಣಗಲಿಲ್ಲ. ರಾಮಾಂಜಿನಯ್ಯನವರು ತೋಟದೊಳಗಿಂದ ಬಂದು, ಉಳಿದಿದ್ದ ಕತ್ತಾಳೆಯನ್ನು ಮಚ್ಚಿನಿಂದ ಸವರಿ ದಾರಿಯನ್ನು ಇನ್ನೂ ಒಂದು ಮೊಳ ಅಗಲ ಮಾಡಿದರು.